ಏದೆನ್ ತೋಟದ ಆ ಮರ ಕೆಟ್ಟ ಮರವಾಗಿತ್ತೇ?

ಪ್ರಶ್ನೆ: ನಾನು ಚಿಕ್ಕಮಗಳೂರು ಕಡೆಯವಳು. ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೋದ ತಿಂಗಳು, ದೇವರು ಬೇಡ ಅಂದ ಮರದ ಹಣ್ಣು ತಿಂದ ಮೊದಲ ಗಂಡು ಹೆಣ್ಣು ಆದಾಮ ಹವ್ವರ ಕಥೆ ಹೇಳುತ್ತಿದ್ದೆ. ಹನ್ನೆರಡು ವರ್ಷದ ನನ್ನ ಮಗಳೇ ಎದ್ದು ನಿಂತು ಕೇಳಿದಳು: "ಹಣ್ಣು ತಿನ್ನೋಕೆ ಮುಂಚೆ ಅವರಿಗೆ ಒಳ್ಳೇದು ಕೆಟ್ಟದ್ದು ಗೊತ್ತೇ ಇರಲಿಲ್ಲ ಅಲ್ವಾ? ಹಾಗಾದ್ರೆ ತಿನ್ನೋದು ತಪ್ಪು ಅಂತ ಹೇಗೆ ಗೊತ್ತಾಗ್ಬೇಕಿತ್ತು? ದೇವರು ಆ ಮರ ನೆಟ್ಟಿದ್ದಾದ್ರೂ ಯಾಕೆ?" ನನಗೆ ಉತ್ತರ ಬರಲಿಲ್ಲ. ಅದಕ್ಕೂ ಮುಂಚೆ ನಮ್ಮ ಕಡೆಗೆ ಬಂದಿದ್ದ ಒಬ್ಬ ಪ್ರಸಂಗಿ, ಜಾಸ್ತಿ ಓದುವುದು, ಜಾಸ್ತಿ ಪ್ರಶ್ನೆ ಕೇಳುವುದು ಎಲ್ಲ ಆ ಮರದ ಹಣ್ಣೇ ಎಂದಿದ್ದರು. ಹೆಂಗಸಿನ ಕೈಯಿಂದಲೇ ಲೋಕಕ್ಕೆ ಸಾವು ಬಂತು ಎಂದೂ ಹೇಳಿದ್ದರು. ಮಗಳು ಅದನ್ನು ಮರೆತಿಲ್ಲ. ಪಕ್ಕದ ಮನೆಯ ಗೆಳತಿ, ಇದು ನಮ್ಮ ಕಲ್ಪವೃಕ್ಷದ ಹಾಗೇ ಅಲ್ವಾ ಅನ್ನುತ್ತಾಳೆ. ಅದು ನಿಜವಾದ ಮರವೋ, ಬರೀ ಸಂಕೇತವೋ? ಸೇಬಿನ ಮರವೇ? ಮಗಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಅನಿಸಿದ್ದು, ನಿಮ್ಮ ಮಗಳನ್ನು ಒಮ್ಮೆ ನೋಡಬೇಕು ಅಂತ. ನಾನು ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಸತ್ಯವೇದದ, ಅಂದರೆ ಬೈಬಲ್ಲಿನ, ಮೊದಲ ಭಾಗವಾದ ಹಳೆಯ ಒಡಂಬಡಿಕೆ ಪಾಠ ಮಾಡಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಪ್ರತಿ ವರ್ಷ ಅದರ ಮೊದಲ ಪುಸ್ತಕವಾದ ಆದಿಕಾಂಡದ ಮೂರನೇ ಅಧ್ಯಾಯಕ್ಕೆ ಬಂದಾಗ ಯಾರಾದರೂ ಒಬ್ಬರು ಕೈ ಎತ್ತಿ ಇದೇ ಪ್ರಶ್ನೆ ಕೇಳುತ್ತಾರೆ. ಸ್ವಲ್ಪ ಹೆದರಿಕೊಂಡೇ ಕೇಳುತ್ತಾರೆ, ಎಲ್ಲಿ ನಂಬಿಕೆ ಇಲ್ಲದವರು ಅಂದುಕೊಳ್ಳುತ್ತಾರೋ ಅಂತ. ಆದರೆ ಈ ಪ್ರಶ್ನೆ ಬಹಳ ಹಳೆಯದು. ಕ್ರಿ.ಶ. 180ರ ಸುಮಾರಿಗೇ ಅಂತಿಯೋಕ್ಯದ ಬಿಷಪ್ ಥಿಯೋಫಿಲಸ್ ಇದಕ್ಕೆ ಉತ್ತರ ಬರೆದಿದ್ದರು. ನಿಮ್ಮ ಮಗಳು ತಪ್ಪು ಕೇಳಿಲ್ಲ. ಕೇಳಬೇಕಾದದ್ದನ್ನೇ ಕೇಳಿದ್ದಾಳೆ.

ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಆದರೆ ಅವುಗಳ ಹಿಂದೆ ಇರುವ ಕಳವಳ ಒಂದೇ ಅಂತ ನನಗೆ ಕಾಣುತ್ತದೆ. ಅರಿವು ಕೊಡುವ ಮರದ ಹಣ್ಣನ್ನು ದೇವರು ಬೇಡ ಅಂದ ಮೇಲೆ, ಮನುಷ್ಯರು ತಿಳಿದುಕೊಳ್ಳುವುದೇ ದೇವರಿಗೆ ಇಷ್ಟವಿಲ್ಲವೇ? ಓದಿ ಬೆಳೆಯಬೇಕಾದ ಹುಡುಗಿಗೆ ಈ ಕಥೆ ಅಡ್ಡ ನಿಲ್ಲುತ್ತದೆಯೇ? ಇಲ್ಲ. ಆ ಮರ ಕೆಟ್ಟ ಮರವಾಗಿರಲಿಲ್ಲ. ಇದು ನಾನೊಬ್ಬ ಹೇಳುತ್ತಿರುವ ಹೊಸ ಮಾತಲ್ಲ, ಕ್ರೈಸ್ತ ಸಭೆಯ ಅತಿ ಹಳೆಯ ಗುರುಗಳೇ ಒತ್ತಿ ಹೇಳಿದ ಮಾತು.

ತರಗತಿಯಲ್ಲಿ ನಾನು ಒಂದು ಕೆಲಸ ಮಾಡಿಸುತ್ತೇನೆ. ಸತ್ಯವೇದ ಮುಚ್ಚಿಟ್ಟು ಆ ದೃಶ್ಯದ ಚಿತ್ರ ಬರೆಯಿರಿ ಅನ್ನುತ್ತೇನೆ. ಹೆಚ್ಚುಕಡಿಮೆ ಎಲ್ಲರೂ ಒಂದೇ ಚಿತ್ರ ಬರೆಯುತ್ತಾರೆ. ಒಂದು ಮರ. ಅದರ ತುಂಬ ಕೆಂಪು ಸೇಬು. ಕಾಂಡಕ್ಕೆ ಸುತ್ತಿಕೊಂಡ ಹಾವು. ಹಾವಿನ ಎದುರು ಒಬ್ಬಳೇ ನಿಂತ ಹವ್ವ. ಆಮೇಲೆ ಪುಸ್ತಕ ತೆರೆದು ನಿಧಾನವಾಗಿ ಓದುತ್ತೇವೆ. ಸೇಬು ಎಲ್ಲೂ ಇಲ್ಲ. ಹಾವು ಮರಕ್ಕೆ ಸುತ್ತಿಕೊಂಡಿತ್ತು ಎಂಬ ಮಾತೂ ಇಲ್ಲ. ಆ ಹಾವೇ ಸೈತಾನ ಎಂದು ಆದಿಕಾಂಡ ಹೇಳುವುದಿಲ್ಲ, ಆ ಗುರುತು ಬರುವುದು ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 12ನೇ ಅಧ್ಯಾಯದಲ್ಲಿ. ಹವ್ವ ಒಬ್ಬಳೇ ಇರಲಿಲ್ಲ. ಇನ್ನೂ ದೊಡ್ಡ ವಿಷಯವೆಂದರೆ, ಹೆಸರಿರುವ ಮರ ಒಂದಲ್ಲ, ಎರಡು.

ಎರಡನೇ ಅಧ್ಯಾಯದ ಒಂಬತ್ತನೇ ವಚನ ನೋಡಿ. ನೋಡಲು ಚೆಂದ, ತಿನ್ನಲು ರುಚಿ ಇರುವ ಎಲ್ಲ ತರದ ಮರಗಳನ್ನೂ ದೇವರು ಬೆಳೆಸುತ್ತಾನೆ. ತೋಟದ ನಡುವೆ ಜೀವವೃಕ್ಷ. ಅದರ ಜೊತೆಗೆ ಒಳ್ಳೆಯದರ ಕೆಟ್ಟದ್ದರ ಅರಿವನ್ನು ಹುಟ್ಟಿಸುವ ಮರ. ಆಮೇಲೆ ಬರುವ ಮಾತಿನಲ್ಲಿ ಮೊದಲು ಇರುವುದು "ತಿನ್ನಬಹುದು". ತೋಟದ ಎಲ್ಲ ಮರದ ಹಣ್ಣನ್ನೂ ತಿನ್ನಬಹುದು. "ಬೇಡ" ಅಂದಿದ್ದು ಅದಾದ ಮೇಲೆ, ಅದೂ ಒಂದೇ ಒಂದು ಮರಕ್ಕೆ. ಜೀವವೃಕ್ಷಕ್ಕೆ ಆಗ ಯಾವ ಅಡ್ಡಿಯೂ ಇರಲಿಲ್ಲ. ಹಾವು ಮೊದಲು ಮಾಡಿದ್ದು ಈ ಲೆಕ್ಕವನ್ನೇ ತಿರುಗಿಸಿದ್ದು. "ಯಾವ ಮರದ ಹಣ್ಣನ್ನೂ ತಿನ್ನಬಾರದು ಅಂದನಂತೆ, ಹೌದಾ?" ಎಂದು ಕೇಳುತ್ತದೆ. ತುಂಬಿ ನಿಂತ ತೋಟ ಮರೆಯಾಗಿ ಒಂದು ಮರ ಮಾತ್ರ ಕಣ್ಣಿಗೆ ಕಾಣುವಂತೆ ಮಾಡಿತು. ನಮ್ಮ ಮಕ್ಕಳ ಚಿತ್ರಗಳಲ್ಲಿ ಒಂದೇ ಮರ ಇರುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಸೇಬಿನ ವಿಷಯ ಬೇಗ ಮುಗಿಸೋಣ. ಮೂಲದ ಹೀಬ್ರೂವಿನಲ್ಲಿ ಇರುವುದು ಸುಮ್ನೆ "ಹಣ್ಣು" ಎಂಬ ಪದ. ಲ್ಯಾಟಿನ್ನಿನಲ್ಲಿ "ಮಾಲುಮ್" ಎಂದು ಎಳೆದು ಹೇಳಿದರೆ ಸೇಬು, "ಮಲುಮ್" ಎಂದು ಮೊಟಕಾಗಿ ಹೇಳಿದರೆ ಕೆಡುಕು. ಈ ಶ್ಲೇಷೆಯಿಂದ ಸೇಬು ಬಂತು ಎಂದು ಬಹಳ ಕಾಲದಿಂದ ಹೇಳುತ್ತಾರೆ. ಇತ್ತೀಚೆಗೆ ಕೆಲವು ವಿದ್ವಾಂಸರು ಬೇರೆ ದಾರಿ ತೋರಿಸಿದ್ದಾರೆ. ಹಳೆಯ ಫ್ರೆಂಚಿನಲ್ಲಿ "ಪೋಮ್" ಅಂದರೆ ಯಾವುದೇ ಹಣ್ಣು ಆಗಿತ್ತು. ಕಾಲ ಕಳೆದ ಹಾಗೆ ಅದೇ ಪದಕ್ಕೆ ಸೇಬು ಎಂಬ ಅರ್ಥ ನಿಂತಿತು. ನಮ್ಮಲ್ಲಿ "ಕಾಯಿ" ಆದ ಹಾಗೆ. ಕಾಯಿ ಅಂದರೆ ಯಾವ ಕಾಯಿಯೂ ಆಗಬಹುದು, ಆದರೆ "ಪೂಜೆಗೆ ಹಣ್ಣುಕಾಯಿ ತಾ", "ಚಟ್ನಿಗೆ ಕಾಯಿ ತುರಿ" ಅಂದರೆ ತೆಂಗಿನಕಾಯಿಯೇ. ಹಳೆಯ ಫ್ರೆಂಚ್ ಕಥೆಗಳಲ್ಲಿ ಇದ್ದ "ಹಣ್ಣು" ಹೀಗೆ ಓದುವವರ ಮನಸ್ಸಿನಲ್ಲಿ ಸೇಬಾಯಿತು, ಚಿತ್ರಕಾರರು ಅದನ್ನೇ ಬರೆದರು. ಆದರೂ ಎಲ್ಲರೂ ಸೇಬನ್ನೇ ಬರೆಯಲಿಲ್ಲ. 1432ರಲ್ಲಿ ಮುಗಿದ ಗೆಂಟ್ ನಗರದ ಪ್ರಸಿದ್ಧ ಚಿತ್ರಫಲಕದಲ್ಲಿ ಹವ್ವಳ ಕೈಯಲ್ಲಿ ಮಾದಳದಂಥ ಹಣ್ಣಿದೆ. ಮೈಕೆಲಾಂಜೆಲೊ 1508ರಿಂದ 1512ರ ಒಳಗೆ ಸಿಸ್ಟೀನ್ ಚಾಪೆಲ್ಲಿನ ಮೇಲ್ಛಾವಣಿಯಲ್ಲಿ ಬರೆದದ್ದು ಅಂಜೂರದ ಮರ.

ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಇನ್ನೂ ಹಿಂದೆಯೇ ಈ ಬಗ್ಗೆ ಮಾತಾಡಿದ್ದರು. ಅವರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ಮೂರು ಅಭಿಪ್ರಾಯ ಒಟ್ಟಿಗೆ ಇವೆ. ರಬ್ಬಿ ಮೇಯಿರ್ ದ್ರಾಕ್ಷಿ ಅಂದರು. ರಬ್ಬಿ ನೆಹೆಮ್ಯ ಅಂಜೂರ ಅಂದರು, ಏಕೆಂದರೆ ಅವರು ಮೈ ಮುಚ್ಚಿಕೊಂಡದ್ದು ಅಂಜೂರದ ಎಲೆಯಿಂದ. ಯಾವುದರಿಂದ ಕೆಟ್ಟರೋ ಅದರಿಂದಲೇ ಸರಿಪಡಿಸಿಕೊಂಡರು ಎಂಬ ತರ್ಕ. ರಬ್ಬಿ ಯೆಹೂದ ಹೇಳಿದ್ದು ನನಗೆ ಬಹಳ ಇಷ್ಟ. ಅವರು ಗೋಧಿ ಅಂದರು. ಕೂಸು ಕಾಳಿನ ರುಚಿ ನೋಡುವವರೆಗೆ ಅಪ್ಪ ಅಮ್ಮ ಎಂದು ಕರೆಯಲು ಕಲಿಯುವುದಿಲ್ಲ ಎಂಬುದು ಅವರ ಕಾರಣ. ಅನ್ನ ತಿನ್ನುವ ವಯಸ್ಸಿಗೂ ಅರಿವು ಬರುವ ವಯಸ್ಸಿಗೂ ಅವರು ಗಂಟು ಹಾಕಿದ್ದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಿಜವಾದ ಗಂಟಿಗೆ ಬರೋಣ. "ಒಳ್ಳೆಯದರ ಕೆಟ್ಟದ್ದರ ಅರಿವು" ಅಂದರೆ ಏನು? ಆ ಪ್ರಸಂಗಿ ಅದನ್ನು ಓದು, ವಿದ್ಯೆ ಎಂದುಕೊಂಡರು. ಸತ್ಯವೇದದಲ್ಲೇ ಬೇರೆ ಕಡೆ ಈ ಮಾತು ಹೇಗೆ ಬಂದಿದೆ ನೋಡಿದರೆ ಅದು ಹೊಂದುವುದಿಲ್ಲ ಎಂದು ಗೊತ್ತಾಗುತ್ತದೆ. ಧರ್ಮೋಪದೇಶಕಾಂಡದ ಮೊದಲ ಅಧ್ಯಾಯದಲ್ಲಿ ಒಳ್ಳೆಯದು ಕೆಟ್ಟದ್ದು ತಿಳಿಯದವರು ಅಂದರೆ ಚಿಕ್ಕ ಮಕ್ಕಳು. ಎಂಬತ್ತು ವರ್ಷದ ಮುದುಕ ಬರ್ಜಿಲ್ಲೈ ಅರಸ ದಾವೀದನಿಗೆ, "ಈ ವಯಸ್ಸಿನಲ್ಲಿ ಒಳ್ಳೆಯದು ಕೆಟ್ಟದ್ದು ತಿಳಿಯುವ ಶಕ್ತಿ ನನಗೆಲ್ಲಿದೆ?" ಅನ್ನುತ್ತಾನೆ. ಅಂದರೆ ಇದು ದೊಡ್ಡವರು ತಾವೇ ನಿಂತು ತೀರ್ಮಾನ ಮಾಡುವ ಶಕ್ತಿ. ಇನ್ನು ದಾವೀದನ ಮಗ, ಅರಸ ಸೊಲೊಮೋನ. 1 ಅರಸುಗಳು ಮೂರನೇ ಅಧ್ಯಾಯದಲ್ಲಿ ದೇವರು ಅವನಿಗೆ ಏನು ಬೇಕೋ ಕೇಳು ಅನ್ನುತ್ತಾನೆ. ಅವನು ಐಶ್ವರ್ಯ ಕೇಳುವುದಿಲ್ಲ. ನಾನಿನ್ನೂ ಚಿಕ್ಕವನು, ಒಳ್ಳೆಯದು ಕೆಟ್ಟದ್ದು ವಿವೇಚಿಸುವ ಮನಸ್ಸು ಕೊಡು ಅನ್ನುತ್ತಾನೆ. ದೇವರಿಗೆ ಅದು ಮೆಚ್ಚಿಗೆಯಾಯಿತು ಎಂದು ಬರೆದಿದೆ.

ಇದನ್ನು ಮಗಳಿಗೆ ಓದಿ ಹೇಳಿ. ಏದೆನ್ನಿನಲ್ಲಿ ಬೇಡ ಅಂದದ್ದನ್ನೇ ಇಲ್ಲಿ ದೇವರು ಖುಷಿಯಿಂದ ಕೊಡುತ್ತಾನೆ. ವ್ಯತ್ಯಾಸ ಎಲ್ಲಿದೆ? ಸೊಲೊಮೋನ ಕೇಳಿ ಪಡೆದ. ಆದಾಮ ಹವ್ವ ಕೈ ಹಾಕಿ ಕಿತ್ತುಕೊಂಡರು. ಜ್ಞಾನೋಕ್ತಿಗಳ ಮೂರನೇ ಅಧ್ಯಾಯ ಇನ್ನೂ ಮುಂದೆ ಹೋಗಿ, ಜ್ಞಾನವನ್ನೇ ಜೀವವೃಕ್ಷ ಅನ್ನುತ್ತದೆ. ತಿಳಿವಳಿಕೆ ದೇವರಿಗೆ ವೈರಿ ಎಂದು ಈ ಪುಸ್ತಕ ಇಟ್ಟುಕೊಂಡು ಹೇಳಲು ಬರುವುದಿಲ್ಲ.

ಹಾಗಾದರೆ ಆ ಮರ ಯಾವ ಅರಿವಿನ ಮರ? ವಿದ್ವಾಂಸರಲ್ಲಿ ಒಂದೇ ಮಾತಿಲ್ಲ. ಕೆಲವರು ಅದು ದೊಡ್ಡವರಾಗುವ ಅರಿವು ಅನ್ನುತ್ತಾರೆ. "ಹಿರಿಯರು ಕಿರಿಯರು ಬಂದಿದ್ದರು" ಅಂದರೆ ಎಲ್ಲರೂ ಬಂದಿದ್ದರು ಎಂದು ಅರ್ಥವಲ್ಲವೇ? ಹಾಗೆ "ಒಳ್ಳೆಯದು ಕೆಟ್ಟದ್ದು" ಅಂದರೆ ಸಕಲವೂ, ದೇವರಿಗೆ ಮಾತ್ರ ಇರುವ ಪೂರ್ತಿ ಜ್ಞಾನ ಎನ್ನುವವರೂ ಇದ್ದಾರೆ. ಗಂಡು ಹೆಣ್ಣಿನ ಕೂಡಿಕೆಯೇ ಆ ಹಣ್ಣು ಎಂಬ ಮಾತೂ ಜನರಲ್ಲಿ ಓಡಾಡುತ್ತದೆ. ಇದಕ್ಕೆ ಬುಡವಿಲ್ಲ. ಮಕ್ಕಳನ್ನು ಹೆತ್ತು ಹೆಚ್ಚಿರಿ ಎಂಬ ಆಶೀರ್ವಾದ ಮೊದಲನೇ ಅಧ್ಯಾಯದಲ್ಲೇ ಬಂದಿದೆ. ನನಗೆ ಸರಿ ಕಾಣುವ ಅರ್ಥ ಇದು: ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನಾನೇ ಗೆರೆ ಎಳೆಯುತ್ತೇನೆ, ದೇವರನ್ನು ಕೇಳುವ ಅಗತ್ಯ ಇಲ್ಲ ಎಂಬ ಹಕ್ಕನ್ನು ಕೈಗೆ ತೆಗೆದುಕೊಳ್ಳುವುದು. ಕಥೋಲಿಕ ಸಭೆಯ 1992ರ ಧರ್ಮೋಪದೇಶ ಗ್ರಂಥವೂ ಇದೇ ದಾರಿಯಲ್ಲಿದೆ. ಸೃಷ್ಟಿಯಾದ ಮನುಷ್ಯ ತಾನಾಗಿ ಒಪ್ಪಿಕೊಳ್ಳಬೇಕಾದ ಮಿತಿಗೆ ಆ ಮರ ಗುರುತು ಎಂದು ಅದು ಹೇಳುತ್ತದೆ.

ಇನ್ನು ನಿಮ್ಮ ಮಗಳ ತರ್ಕ. ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲದವರಿಗೆ ತಪ್ಪು ಎಂದು ಹೇಗೆ ಗೊತ್ತಾಗಬೇಕಿತ್ತು? ಮೂರನೇ ಅಧ್ಯಾಯದ ಎರಡು, ಮೂರನೇ ವಚನ ಅವಳ ಕೈಯಲ್ಲೇ ಓದಿಸಿ. ಹಾವು ಕೇಳಿದಾಗ ಹವ್ವ ದೇವರ ಮಾತನ್ನು ಬಾಯಿಪಾಠ ಒಪ್ಪಿಸುತ್ತಾಳೆ. "ಮುಟ್ಟಲೂ ಬಾರದು" ಎಂದು ತಾನೇ ಸ್ವಲ್ಪ ಸೇರಿಸಿಯೂ ಹೇಳುತ್ತಾಳೆ. ಅಂದರೆ ಏನು ಹೇಳಿದ್ದರು, ಯಾರು ಹೇಳಿದ್ದರು, ಎರಡೂ ಅವಳಿಗೆ ಗೊತ್ತಿತ್ತು. ಕರೆಂಟು ಅಂದರೆ ಏನು ಎಂದು ಮೂರು ವರ್ಷದ ಮಗುವಿಗೆ ಗೊತ್ತಿರುವುದಿಲ್ಲ. ಪ್ಲಗ್ಗಿಗೆ ಬೆರಳು ಹಾಕಬೇಡ ಎಂದು ಅಮ್ಮ ಹೇಳಿದ್ದು ಗೊತ್ತಿರುತ್ತದೆ. ಅರ್ಥವಾಗುವ ಮುಂಚೆ ನಂಬುವುದು ಇರುತ್ತದೆ. ಅಲ್ಲಿ ಮುರಿದದ್ದು ಆ ನಂಬಿಕೆ.

ಮಗಳು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. "ಅಮ್ಮ ಆದ್ರೆ ಪ್ಲಗ್ಗಿಗೆ ಮುಚ್ಚಳ ಹಾಕ್ತಾಳೆ, ದೇವರು ಯಾಕೆ ಬೇಲಿ ಹಾಕಲಿಲ್ಲ?" ಅನ್ನಬಹುದು. ಆಗ ಗೊತ್ತಿರುವಂತೆ ನಟಿಸಬೇಡಿ. ಆ ಮರವನ್ನು ಯಾಕೆ ನೆಟ್ಟ ಎಂದು ಆದಿಕಾಂಡ ಹೇಳಿಲ್ಲ. ಅದು ಪರೀಕ್ಷೆ ಎಂಬ ಉತ್ತರ ಸಂಡೇ ಸ್ಕೂಲಿನಲ್ಲಿ ಎಲ್ಲರ ಬಾಯಲ್ಲಿದೆ. ಅದನ್ನೊಂದೇ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ದೇವರು ಬಲೆ ಹಾಕಿ ಕಾದು ಕೂತವನಾಗಿಬಿಡುತ್ತಾನೆ. ಆ ಚಿತ್ರ ಮನಸ್ಸಿನಲ್ಲಿ ಹೊತ್ತುಕೊಂಡೇ ದೊಡ್ಡವರಾದವರನ್ನು ನಾನು ನೋಡಿದ್ದೇನೆ. ಪ್ರಾರ್ಥನೆಗೆ ಕೂತರೂ ಅವರಿಗೆ ಭಯ ಬಿಡುವುದಿಲ್ಲ. ಅದಕ್ಕೇ ಹಳೆಯ ಗುರುಗಳ ಇನ್ನೊಂದು ಉತ್ತರವನ್ನು ನಾನು ಮುಂದಿಡುತ್ತೇನೆ.

ಥಿಯೋಫಿಲಸ್ ಎಂದೆನಲ್ಲ, ಅವರ ಮಾತು ನೇರ. ಮರ ಒಳ್ಳೆಯದು, ಹಣ್ಣೂ ಒಳ್ಳೆಯದು. ಸಾವು ಇದ್ದದ್ದು ಮರದಲ್ಲಲ್ಲ, ಮಾತು ಮೀರಿದ್ದರಲ್ಲಿ. ಆದಾಮ ಇನ್ನೂ ಕೂಸಿನಂತೆ ಇದ್ದ, ಆ ಅರಿವನ್ನು ತಾಳಿಕೊಳ್ಳುವ ವಯಸ್ಸು ಅವನಿಗೆ ಆಗಿರಲಿಲ್ಲ. ಕೂಸಿಗೆ ಮೊದಲು ಹಾಲು, ಗಟ್ಟಿ ಊಟ ಆಮೇಲೆ ಎಂದು ಅವರು ಬರೆಯುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮೂರು ತಿಂಗಳ ಕೂಸಿಗೆ ಯಾರೂ ರಾಗಿಮುದ್ದೆ ತಿನ್ನಿಸುವುದಿಲ್ಲ. ಮುದ್ದೆಯಲ್ಲಿ ವಿಷ ಇದೆ ಅಂತಲ್ಲ, ಮಗುವಿನ ಮೇಲೆ ಹೊಟ್ಟೆಕಿಚ್ಚು ಅಂತಲೂ ಅಲ್ಲ. ಹೊತ್ತು ಬಂದಿಲ್ಲ ಅಷ್ಟೇ. ಗೋಧಿ ಎಂದ ರಬ್ಬಿ ಯೆಹೂದರ ಮಾತು ಇದಕ್ಕೆ ಎಷ್ಟು ಹತ್ತಿರ ನೋಡಿ.

ಇದು ಒಬ್ಬರ ಮಾತಲ್ಲ. ನಾಲ್ಕನೇ ಶತಮಾನದಲ್ಲಿ ನಜಿಯಾಂಜಸಿನ ಗ್ರೆಗೊರಿ, ಆ ಮರವನ್ನು ಕೆಟ್ಟದ್ದಾಗಿ ನೆಟ್ಟಿರಲಿಲ್ಲ, ಹೊಟ್ಟೆಕಿಚ್ಚಿನಿಂದ ಬೇಡ ಎಂದೂ ಹೇಳಿರಲಿಲ್ಲ, ಸರಿಯಾದ ಹೊತ್ತಿಗೆ ತಿಂದಿದ್ದರೆ ಅದು ಒಳ್ಳೆಯದೇ ಆಗುತ್ತಿತ್ತು ಅನ್ನುತ್ತಾರೆ. 373ರಲ್ಲಿ ತೀರಿಕೊಂಡ ಸಿರಿಯಾದ ಕವಿಸಂತ ಎಫ್ರೇಮರು ಇನ್ನೂ ಸೊಗಸಾಗಿ ಹೇಳಿದ್ದಾರೆ. ಅವರು ಹಾಡು ಕಟ್ಟಿದ್ದು ಸಿರಿಯಾಕ್ ಭಾಷೆಯಲ್ಲಿ, ಕೇರಳದ ಸಿರಿಯನ್ ಕ್ರೈಸ್ತರ ಆರಾಧನೆಯಲ್ಲಿ ಇಂದಿಗೂ ಉಳಿದಿರುವ ಭಾಷೆ ಅದೇ. ಎಫ್ರೇಮರ ಹಾಡುಗಳಲ್ಲಿ ಏದೆನ್ ಒಂದು ಬೆಟ್ಟ. ಬೆಟ್ಟದ ತುದಿಗೆ ಹತ್ತಿರ ಜೀವವೃಕ್ಷ, ಅದು ಯೆರೂಸಲೇಮಿನ ಆಲಯದಲ್ಲಿ ಪರದೆಯ ಹಿಂದೆ ಇದ್ದ ಅತಿ ಪವಿತ್ರ ಸ್ಥಳದ ಹಾಗೆ. ಅದರ ಮುಂದೆ ಪರದೆಯ ಹಾಗೆ ನಿಂತದ್ದು ಅರಿವಿನ ಮರ. ಮಾತು ಮೀರದೆ ಇದ್ದಿದ್ದರೆ ದೇವರು ಎರಡು ಮರದ ಹಣ್ಣನ್ನೂ ಅವರಿಗೆ ಕೊಡುತ್ತಿದ್ದ ಎಂದು ಎಫ್ರೇಮರು ನಂಬಿದ್ದರು. ಪರದೆ ಇರುವುದು ಒಳಗಿನದ್ದು ಕೆಟ್ಟದ್ದು ಎಂದಲ್ಲ, ನುಗ್ಗಬಾರದು ಎಂದು.

ಹದಿನಾರನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಆದಿಕಾಂಡದ ಪಾಠ ಮಾಡುವಾಗ ಆ ಮರವೇ ಆದಾಮನ ಗುಡಿ, ವೇದಿ, ಉಪದೇಶ ಪೀಠ ಎಂದರು. ಅಂದರೆ ಮನುಷ್ಯ ದೇವರ ಮಾತನ್ನು ನೆನೆದು ಮರ್ಯಾದೆ ಸಲ್ಲಿಸುವ ಜಾಗ. ನಿಮ್ಮ ಪ್ರಸಂಗಿ ಹೇಳಿದ್ದಕ್ಕೂ ಇದಕ್ಕೂ ಎಷ್ಟು ದೂರ.

ಪಶ್ಚಿಮದ ಸಭೆಯ ಮೇಲೆ ಎಲ್ಲರಿಗಿಂತ ಜಾಸ್ತಿ ಪ್ರಭಾವ ಬೀರಿದವರು ಅಗಸ್ಟೀನ್. ಆದಾಮನ ತಪ್ಪಿನ ಫಲ ಎಲ್ಲ ಮನುಷ್ಯರಿಗೂ ಹುಟ್ಟಿನಿಂದಲೇ ಬರುತ್ತದೆ ಎಂಬ ಮೂಲಪಾಪದ ಬೋಧನೆಗೆ ಗಟ್ಟಿ ರೂಪ ಕೊಟ್ಟವರೂ ಅವರೇ. ಅವರೂ ಮರವನ್ನು ದೂರುವುದಿಲ್ಲ. ಮರಕ್ಕೆ ಆ ಹೆಸರು ಬಂದದ್ದು ಅದರ ಹಣ್ಣಿನ ಗುಣದಿಂದಲ್ಲ, ತಿಂದ ಮೇಲೆ ಏನಾಯಿತು ಎಂಬುದರಿಂದ ಅನ್ನುತ್ತಾರೆ. ಅವರ ಬಾಳಿನಲ್ಲೇ ಒಂದು ಮರದ ಕಥೆ ಇದೆ, ಅವರೇ ಬರೆದುಕೊಂಡದ್ದು. ಈಗಿನ ಅಲ್ಜೀರಿಯಾದಲ್ಲಿರುವ ತಗಾಸ್ತೆ ಎಂಬ ಊರು. ಹದಿನಾರರ ಹುಡುಗ. ಅವರ ಮನೆಯ ದ್ರಾಕ್ಷಿ ತೋಟದ ಹತ್ತಿರ ಯಾರದೋ ಒಂದು ಮರಸೇಬಿನ ಮರ. ನಡುರಾತ್ರಿ ಗೆಳೆಯರ ಜೊತೆ ಹೋಗಿ ಮರ ಅಲ್ಲಾಡಿಸಿ ಹಣ್ಣೆಲ್ಲ ಹೊತ್ತುಕೊಂಡು ಬಂದರು. ಹಸಿವಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣು ಇತ್ತು. ಒಂದೆರಡು ಕಚ್ಚಿ ನೋಡಿ ಉಳಿದದ್ದನ್ನು ಹಂದಿಗಳಿಗೆ ಎಸೆದರು. ಬಿಷಪ್ ಆದ ಮೇಲೆ ಅಗಸ್ಟೀನ್ ಆ ರಾತ್ರಿಯ ಬಗ್ಗೆ ಪುಟಗಟ್ಟಲೆ ಬರೆದರು. ನನಗೆ ಬೇಕಿದ್ದದ್ದು ಹಣ್ಣಲ್ಲ, ಮಾಡಬಾರದ್ದನ್ನು ಮಾಡುವ ರುಚಿ ಎಂದು ಒಪ್ಪಿಕೊಂಡರು. ಸಂಡೇ ಸ್ಕೂಲಿನಲ್ಲಿ ಈ ಕಥೆ ಹೇಳಿ ನೋಡಿ. ಪಕ್ಕದ ತೋಟದ ಸೀಬೆಕಾಯಿಗೆ ಕಲ್ಲು ಹೊಡೆದ ಮಕ್ಕಳಿಗೆ ವಿವರಿಸುವ ಕೆಲಸವೇ ಇರುವುದಿಲ್ಲ.

ಹವ್ವಳ ವಿಷಯ. ಇಲ್ಲಿ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಹಣ್ಣು ತಿನ್ನಬೇಡ ಎಂದು ದೇವರು ಆದಾಮನಿಗೆ ಹೇಳಿದ್ದು ಹವ್ವ ಹುಟ್ಟುವ ಮುಂಚೆ. ಮೂರನೇ ಅಧ್ಯಾಯದ ಆರನೇ ವಚನದ ಹೀಬ್ರೂ ಮೂಲದಲ್ಲಿ "ಅವಳ ಸಂಗಡ" ಇದ್ದ ಗಂಡನಿಗೂ ಕೊಟ್ಟಳು ಎಂದಿದೆ. ಆದಾಮ ಅಲ್ಲೇ ಇದ್ದ. ಹಾವು ಮಾತಾಡುವಷ್ಟು ಹೊತ್ತೂ ಬಾಯಿ ಬಿಡಲಿಲ್ಲ. ಜೆರೋಮ್ ಲ್ಯಾಟಿನ್ನಿಗೆ ಅನುವಾದ ಮಾಡಿದಾಗ ಆ "ಸಂಗಡ" ಎಂಬ ಒಂದು ಪದ ಬಿಟ್ಟುಹೋಯಿತು. ಯುರೋಪು ಸಾವಿರ ವರ್ಷಕ್ಕೂ ಮೇಲೆ ಓದಿದ್ದು ಆ ಲ್ಯಾಟಿನ್ ಪುಸ್ತಕವನ್ನೇ. ಮೊದಲ ತಲೆಮಾರಿನ ಕ್ರೈಸ್ತ ಬೋಧಕ ಪೌಲನ ಹೆಸರಿನ ಒಂದು ಪತ್ರದಲ್ಲಿ ಮೋಸಹೋದದ್ದು ಹೆಂಗಸು ಎಂಬ ಮಾತಿದೆ, ಹೌದು. ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಪಾಪವೂ ಸಾವೂ ಬಂದದ್ದು ಒಬ್ಬ ಮನುಷ್ಯನಿಂದ ಅನ್ನುತ್ತಾನೆ, ಆದಾಮನ ಹೆಸರನ್ನೇ ಎತ್ತುತ್ತಾನೆ. ಇನ್ನೊಂದು ಗಮನಿಸಿ. ಶಾಪ ಎಂಬ ಪದ ಬಿದ್ದದ್ದು ಹಾವಿನ ಮೇಲೆ, ನೆಲದ ಮೇಲೆ. ಆದಾಮನ ಮೇಲೂ ಅಲ್ಲ, ಹವ್ವಳ ಮೇಲೂ ಅಲ್ಲ. ಅವರಿಬ್ಬರಿಗೂ ಕಷ್ಟ ಬಂತು, ನಿಜ. ಆದರೆ ತೋಟದಿಂದ ಕಳಿಸುವ ಮುಂಚೆ ದೇವರೇ ಅವರಿಗೆ ತೊಗಲಿನ ಬಟ್ಟೆ ಮಾಡಿ ತೊಡಿಸಿದ ಎಂದು ಬರೆದಿದೆ. ನಿಮ್ಮ ಮಗಳು ಈ ವಚನವನ್ನು ಒಂದು ಸಲ ಗಟ್ಟಿಯಾಗಿ ಓದಲಿ.

ಈಗ ನನಗೆ ತುಂಬ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಕ್ರೈಸ್ತರು ಏದೆನ್ನಿನ ಮರವನ್ನು ಯಾವತ್ತೂ ಒಂಟಿಯಾಗಿ ಓದಿಲ್ಲ. ಹೀಬ್ರೂವಿನಲ್ಲಿ "ಏಟ್ಸ್" ಅಂದರೆ ನಿಂತ ಮರವೂ ಹೌದು, ಕಡಿದ ಮರವೂ ಹೌದು. ಗ್ರೀಕಿನ "ಕ್ಸೂಲೊನ್" ಕೂಡ ಹಾಗೇ. ನಮ್ಮ ಕನ್ನಡದ "ಮರ" ಇವಕ್ಕೆ ಹೇಳಿ ಮಾಡಿಸಿದ ಜೋಡಿ. ಮರ ಹತ್ತುತ್ತೇವೆ, ಮರದ ಕುರ್ಚಿಯಲ್ಲೂ ಕೂರುತ್ತೇವೆ. ಎಷ್ಟೋ ಭಾಷೆಗಳಲ್ಲಿ ಈ ಎರಡಕ್ಕೆ ಬೇರೆ ಬೇರೆ ಪದ. ಹೊಸ ಒಡಂಬಡಿಕೆಯಲ್ಲಿ ಪೇತ್ರನೂ ಪೌಲನೂ ಯೇಸುವನ್ನು ಮರಕ್ಕೆ ತೂಗುಹಾಕಿದರು ಎಂದಾಗ ಬಳಸಿದ್ದು ಕ್ಸೂಲೊನ್ ಪದವನ್ನೇ. ಪ್ರಕಟನೆಯಲ್ಲಿ ಜೀವವೃಕ್ಷ ಅನ್ನುವಾಗಲೂ ಅದೇ ಪದ. ಗ್ರೀಕ್ ಆದಿಕಾಂಡದ ಏದೆನ್ ತೋಟದಲ್ಲೂ ಅದೇ ಪದ. ಕಿವಿಗೆ ಬಿದ್ದ ಕೂಡಲೇ ಮೂರೂ ಒಂದಕ್ಕೊಂದು ತಾಗುತ್ತವೆ.

ಈಗಿನ ಫ್ರಾನ್ಸಿನ ಲಿಯೋನಿನ ಬಿಷಪ್ ಇರೇನಿಯಸ್ ಎರಡನೇ ಶತಮಾನದಲ್ಲೇ ಇದನ್ನು ಹಿಡಿದರು. ಒಂದು ಮರದ ಬಳಿ ಮಾತು ಮೀರಿದ್ದನ್ನು ಯೇಸು ಇನ್ನೊಂದು ಮರದ ಮೇಲೆ ಮಾತು ಪಾಲಿಸಿ ಸರಿಪಡಿಸಿದ ಎಂದರು. ಸೆಪ್ಟೆಂಬರ್ 14ರ ಪವಿತ್ರ ಶಿಲುಬೆಯ ಹಬ್ಬದಲ್ಲಿ ಕಥೋಲಿಕ ಗುರುಗಳು ಹೇಳುವ ಪ್ರಾರ್ಥನೆಯಲ್ಲಿ ಇಂದಿಗೂ ಈ ಮಾತು ಇದೆ: ಮರದ ಮೂಲಕ ಗೆದ್ದವನು (ಅಂದರೆ ಸೈತಾನ) ಮರದ ಮೂಲಕವೇ ಸೋಲಬೇಕು. ಕಥೋಲಿಕ ಚರ್ಚಿಗೆ ಹೋದಾಗ ದೊಡ್ಡ ಶಿಲುಬೆಯ ಹತ್ತಿರ ಹೋಗಿ ಪಾದದ ಕೆಳಗೆ ನೋಡಿ. ಬಹಳ ಶಿಲುಬೆಗಳಲ್ಲಿ ಅಲ್ಲೊಂದು ಚಿಕ್ಕ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಇಟ್ಟ ಎರಡು ಎಲುಬು ಇರುತ್ತವೆ. ಎಷ್ಟೋ ಜನ ಅದನ್ನು ಸಾವಿನ ಗುರುತು ಎಂದಷ್ಟೇ ತಿಳಿದಿದ್ದಾರೆ. ಹಳೆಯ ಐತಿಹ್ಯದ ಪ್ರಕಾರ ಅದು ಆದಾಮನ ಬುರುಡೆ. ಅವನನ್ನು ಹೂತ ಜಾಗದ ಮೇಲೇ ಶಿಲುಬೆ ನಿಂತಿತು, ಯೇಸುವಿನ ರಕ್ತ ಇಳಿದು ಅವನನ್ನು ಮುಟ್ಟಿತು ಎಂಬ ನಂಬಿಕೆ. ಇದು ಸತ್ಯವೇದದ ಮಾತಲ್ಲ, ಐತಿಹ್ಯ. ಆದರೆ ಒಂದು ಬೆರಳುದ್ದದ ಬುರುಡೆಯಲ್ಲಿ ಇಡೀ ಕಥೆ ಇದೆ.

ರೋಮಿನ ಸಾನ್ ಕ್ಲೆಮೆಂತೆ ಚರ್ಚಿನಲ್ಲಿ 12ನೇ ಶತಮಾನದ ಒಂದು ಮೊಸಾಯಿಕ್ ಇದೆ. ಚಿನ್ನದ ಹಿನ್ನೆಲೆಯಲ್ಲಿ ಶಿಲುಬೆ. ಶಿಲುಬೆಯ ಮೇಲೆ ಹನ್ನೆರಡು ಬಿಳಿ ಪಾರಿವಾಳ. ಬುಡದಿಂದ ಹಸಿರು ಬಳ್ಳಿ ಎದ್ದು ಸುರುಳಿ ಸುರುಳಿಯಾಗಿ ಗೋಡೆ ತುಂಬ ಹರಡಿದೆ. ಬುಡದಲ್ಲಿ ಏದೆನ್ನಿನ ನಾಲ್ಕು ನದಿ, ನೀರು ಕುಡಿಯುವ ಜಿಂಕೆಗಳು. ಕಡಿದ ಮರ ಚಿಗುರಿ ಜೀವವೃಕ್ಷವಾಗಿದೆ. ಮಕ್ಕಳಿಗೆ ಇದರ ಚಿತ್ರ ತೋರಿಸಿ. ನನ್ನ ಅರ್ಧ ಗಂಟೆಯ ಪಾಠಕ್ಕಿಂತ ಅದು ಜಾಸ್ತಿ ಹೇಳುತ್ತದೆ.

ಅದು ನಿಜವಾದ ಮರವೋ, ಸಂಕೇತವೋ ಎಂದು ಕೇಳಿದ್ದೀರಿ. ಸಭೆಯಲ್ಲಿ ಎರಡು ಕಡೆಯವರೂ ಮೊದಲಿಂದ ಇದ್ದಾರೆ. ಮೂರನೇ ಶತಮಾನದ ಒರಿಜೆನ್, ದೇವರು ರೈತನ ಹಾಗೆ ಮರ ನೆಟ್ಟ, ಹಲ್ಲಿನಿಂದ ಹಣ್ಣು ಕಚ್ಚಿದರೆ ಜೀವ ಬಂತು ಎಂದು ಅಕ್ಷರಶಃ ನಂಬುವವರು ಯಾರಿದ್ದಾರೆ ಎಂದು ಕೇಳಿದರು. ಅಗಸ್ಟೀನ್ ಎರಡೂ ಹಿಡಿದರು: ಮರ ನಿಜ, ಅದು ಇನ್ನೊಂದನ್ನು ಸೂಚಿಸುವುದೂ ನಿಜ. ಇವತ್ತಿನ ಕಥೋಲಿಕ ಬೋಧನೆ, ಮೂರನೇ ಅಧ್ಯಾಯದ ಭಾಷೆ ಸಂಕೇತದ್ದು, ಆದರೆ ಮನುಕುಲದ ಆರಂಭದಲ್ಲಿ ನಿಜವಾಗಿ ನಡೆದದ್ದನ್ನೇ ಅದು ಹೇಳುತ್ತದೆ ಅನ್ನುತ್ತದೆ. ಪ್ರೊಟೆಸ್ಟೆಂಟರಲ್ಲಿ ಅಕ್ಷರಶಃ ಓದುವವರೂ ಇದ್ದಾರೆ, ಓದದವರೂ ಇದ್ದಾರೆ. ಅಪಾಯ ಎರಡು ಕಡೆಯೂ ಉಂಟು. ಅಕ್ಷರವನ್ನೇ ಬಿಗಿ ಹಿಡಿದರೆ ಯಾವ ಜಾತಿಯ ಮರ, ಯಾವ ದೇಶದ ತೋಟ ಎಂದು ಹುಡುಕುತ್ತಾ ಕಥೆ ನಮ್ಮನ್ನು ಕೇಳುವ ಪ್ರಶ್ನೆಯೇ ತಪ್ಪಿಹೋಗುತ್ತದೆ. ಮುಂದೆ ಮಗಳು ಬಯಾಲಜಿ ಓದುವಾಗ, ಇದೋ ಅದೋ ಒಂದನ್ನೇ ಆರಿಸು ಎಂಬ ಇಕ್ಕಟ್ಟು ಬರಬಹುದು. ಬರೀ ಸಂಕೇತ ಅಂದುಬಿಟ್ಟರೆ, ನಮ್ಮ ಮನೆಯಲ್ಲಿ ನಮ್ಮ ಕೈಯಿಂದ ದಿನವೂ ನಡೆಯುವ ಕಿತ್ತುಕೊಳ್ಳುವಿಕೆ ಕಣ್ಣಿಗೆ ಬೀಳದೆ ಹೋಗಬಹುದು. ನಿಮ್ಮ ಸಭೆ ಯಾವುದನ್ನು ಕಲಿಸುತ್ತದೋ ಅದನ್ನು ಹೇಳಿ, ಬೇರೆ ರೀತಿ ಓದುವ ನಂಬಿಗಸ್ತರೂ ಇದ್ದಾರೆ ಎಂಬುದನ್ನೂ ಹೇಳಿ.

ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ಸರಿ. ಮರದಲ್ಲಿ ಜೀವ ಇದೆ, ಮರದ ಬಳಿ ದೇವರು ಇದ್ದಾನೆ ಎಂದು ಕಂಡವರು ಲೋಕದಲ್ಲಿ ಬಹಳ ಜನ. ಮೆಸೊಪೊಟೇಮಿಯಾದ ಗಿಲ್ಗಮೇಶನ ಹಳೆಯ ಕಥೆಯಲ್ಲೂ ಯೌವನ ಮರಳಿಸುವ ಗಿಡವೊಂದು ಬರುತ್ತದೆ, ಅದನ್ನು ಕದ್ದೊಯ್ಯುವುದು ಹಾವೇ. ಆದರೆ ಕಲ್ಪವೃಕ್ಷ ಬೇಡಿದ್ದನ್ನು ಕೊಡುವ ಮರ. ಏದೆನ್ನಿನ ಮರಗಳು ಬೇಡಿಕೆ ಕೇಳುವುದಿಲ್ಲ. ಜೀವವೃಕ್ಷವನ್ನು ಇಡೀ ತೋಟದ ಜೊತೆಗೆ ಬೇಡುವ ಮುಂಚೆಯೇ ಕೊಟ್ಟಾಗಿತ್ತು. ಈ ಹೋಲಿಕೆ, ಈ ವ್ಯತ್ಯಾಸ ಎರಡನ್ನೂ ನೀವಿಬ್ಬರೂ ಕೂತು ಮಾತಾಡಿಕೊಳ್ಳಬಹುದು, ಜಗಳದ ವಿಷಯವೇ ಅಲ್ಲ.

ಇನ್ನು ಮುಂದಿನ ಭಾನುವಾರ. ಕಥೆಯನ್ನು ಮೂರನೇ ಅಧ್ಯಾಯದ ಕೊನೆಯಲ್ಲಿ, ಜೀವವೃಕ್ಷದ ದಾರಿ ಕಾಯುವ ದೇವದೂತರಾದ ಕೆರೂಬಿಯರ, ಉರಿಯುವ ಕತ್ತಿಯ ಹತ್ತಿರ ನಿಲ್ಲಿಸಬೇಡಿ. ದಾರಿ ಮುಚ್ಚಿದ್ದನ್ನೂ ಇರೇನಿಯಸ್ ಕರುಣೆ ಎಂದೇ ಓದಿದರು: ಪಾಪದಲ್ಲಿ ಇದ್ದುಕೊಂಡೇ ಜೀವವೃಕ್ಷದ ಹಣ್ಣು ತಿಂದು ಶಾಶ್ವತವಾಗಿ ಹಾಗೇ ಉಳಿಯಬಾರದು ಎಂದು. ನೇರ ಪ್ರಕಟನೆಯ ಕೊನೆಯ ಅಧ್ಯಾಯಕ್ಕೆ ಹೋಗಿ. ಅಲ್ಲಿ ಮತ್ತೆ ನದಿ, ಮತ್ತೆ ಜೀವವೃಕ್ಷ. ಹನ್ನೆರಡು ಫಸಲು, ತಿಂಗಳಿಗೊಂದು. ಎಲೆಗಳು ಜನಾಂಗಗಳನ್ನು ವಾಸಿಮಾಡುವ ಮದ್ದು. ಕಾವಲು ಇಲ್ಲ. ಎರಡನೇ ಮರ ಎಲ್ಲಿ ಹೋಯಿತು ಎಂದು ಮಕ್ಕಳನ್ನೇ ಕೇಳಿ, ಅವರೇನು ಹೇಳುತ್ತಾರೋ ನನಗೂ ಬರೆದು ಕಳಿಸಿ. ಆಮೇಲೆ ಕಾಗದ, ಬಣ್ಣ ಕೊಟ್ಟು ಆ ಮರದ ಚಿತ್ರ ಬರೆಸಿ. ಹನ್ನೆರಡು ತಿಂಗಳಿಗೆ ಯಾವ ಯಾವ ಹಣ್ಣು ಎಂದು ಅಲ್ಲೂ ಬರೆದಿಲ್ಲ, ಆರಿಸುವ ಕೆಲಸ ಮಕ್ಕಳದ್ದು. ನಾನು ಮಾಡಿಸಿದಾಗ ಒಬ್ಬಳು ಜೂನ್ ತಿಂಗಳಿಗೆ ಹಲಸು ಬರೆದು, ಕೊಂಬೆ ಮುರಿದೀತು ಎಂದು ಅದನ್ನು ಕಾಂಡಕ್ಕೇ ಅಂಟಿಸಿದ್ದಳು.